ಅತ್ತೆಗೊಂದು ಜನ್ಮ, ಸೊಸೆಗೊಂದು ಜನ್ಮ

ಸಂಸಾರದ ನಡುವೆ ಕೂತು ಕಥೆ ಬರೆಯುವವರಿಗೆ ಕಷ್ಟಗಳು ಒಂದೆರಡಲ್ಲ. ಹಾಲು ಉಕ್ಕುವ ಹೊತ್ತಿಗೇ ಪ್ರತಿಭೆಯೂ ಉಕ್ಕುತ್ತದೆ. ಪ್ರತಿಭೆಯನ್ನು ಹಿಡಿಯಲು ಹೋದರೆ ಹಾಲು ಹೋಗುತ್ತದೆ, ಹಾಲು ಹಿಡಿಯಲು ಹೋದರೆ ಪ್ರತಿಭೆ. ಇದನ್ನೆಲ್ಲ ನಮ್ಮ ಸೊಸೆ ಸಹಿಸಿಕೊಂಡಿದ್ದಳು. ಸಹಿಸಲಾಗದೆ ಹೋದದ್ದು ಒಂದೇ. ಬೇರೆ ಲೇಖಕರಿಗೆ ವಿಮರ್ಶಕರು ಎಲ್ಲೋ ದೂರದಲ್ಲಿರುತ್ತಾರೆ. ಇವಳಿಗೆ ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಇದ್ದರು, ಅತ್ತೆಯ ರೂಪದಲ್ಲಿ.

ಸೊಸೆ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದಳು. ಹೆಸರು ‘ಮಹಾರಾಣಿಯ ಮರುಹುಟ್ಟು’. ಕಥಾನಾಯಕಿ ಬ್ಯಾಂಕಿನಲ್ಲಿ ಗುಮಾಸ್ತೆ. ತಲೆನೋವೆಂದು ಸಮ್ಮೋಹನ ವೈದ್ಯರ ಬಳಿ ಹೋಗುತ್ತಾಳೆ. ವೈದ್ಯರು ಹತ್ತರಿಂದ ಹಿಂದಕ್ಕೆ ಎಣಿಸುತ್ತಾರೆ. ಎಣಿಕೆ ಒಂದಕ್ಕೆ ಬರುವಷ್ಟರಲ್ಲಿ ಆಕೆ ಹೋದ ಜನ್ಮ ತಲುಪಿ, ಮಹಾರಾಣಿಯಾಗಿ ಸಿಂಹಾಸನದ ಮೇಲೆ ಕೂತಿರುತ್ತಾಳೆ. ಅಲ್ಲಿ ಅವಳಿಗೆ ಯಾರೋ ವಿಷ ಹಾಕಿರುತ್ತಾರೆ. ಯಾರು ಹಾಕಿದರೆಂಬುದು ಸೊಸೆಗೂ ಇನ್ನೂ ಗೊತ್ತಾಗಿರಲಿಲ್ಲ. (ಧಾರಾವಾಹಿ ಬರೆಯುವವರನ್ನು ಇಂಥ ಪ್ರಶ್ನೆ ಕೇಳುವುದು ಸಭ್ಯತೆಯಲ್ಲ.)

ಅತ್ತೆ ನಿವೃತ್ತಿಯಾಗುವವರೆಗೆ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವರು. ಕಟಕಟೆಯಲ್ಲಿ ನಿಂತವರು ಬಾಯಿಬಿಟ್ಟದ್ದನ್ನೆಲ್ಲ ಟಕಟಕ ಕುಟ್ಟಿ ಕುಟ್ಟಿ, ಯಾರು ನಿಜ ಹೇಳುತ್ತಾರೆ, ಯಾರು ಬುರುಡೆ ಬಿಡುತ್ತಾರೆ ಎಂಬುದನ್ನು ಸಾಕ್ಷಿಗಳು ಗಂಟಲು ಸರಿಮಾಡಿಕೊಳ್ಳುವ ಸದ್ದಿನಲ್ಲೇ ಅವರು ಹೇಳಬಲ್ಲವರಾಗಿದ್ದರು. ಸೊಸೆಯ ಮಹಾರಾಣಿಯನ್ನೂ ಅವರು ಕಟಕಟೆಯಲ್ಲೇ ನಿಲ್ಲಿಸಿದರು. ಹೋದ ಜನ್ಮದಲ್ಲಿ ಎಲ್ಲರೂ ರಾಣಿಯರೇ ಆಗಿದ್ದರೆ ರಾಣಿಯ ಪಾತ್ರೆ ತಿಕ್ಕಿದವರು ಯಾರು, ಅವರಿಗೆ ಮರುಹುಟ್ಟಿಲ್ಲವೇ ಎಂದು ಒಂದು ವಾರ ಕೇಳಿದರು. ಮುನ್ನೂರು ವರ್ಷದ ಹಿಂದೆ ತೊಟ್ಟ ಬಟ್ಟೆಯ ಬಣ್ಣ ನೆನಪಿರುವ ಹುಡುಗಿಗೆ ಮೊದಲ ಕಂತಿನಲ್ಲಿ ಛತ್ರಿ ಎಲ್ಲಿಟ್ಟೆ ಎಂಬುದು ನೆನಪಾಗಲಿಲ್ಲವಲ್ಲ ಎಂದು ಮರುವಾರ. ರಾಣಿ ಆ ಕಾಲದ ಭಾಷೆಯಲ್ಲಿ ಮಾತಾಡಬೇಕು ತಾನೇ, ಡಾಕ್ಟರಿಗೆ ಹೇಗೆ ತಿಳಿಯಿತು ಎಂದು ಅದರ ಮರುವಾರ.

ಸೊಸೆ ತಾಳ್ಮೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು: “ಅತ್ತೆ, ಇದು ಜನ್ಮಾಂತರದ ಕಥೆ. ಸ್ವಲ್ಪ ನಂಬಬೇಕಾಗುತ್ತೆ.”

“ಜನ್ಮಾಂತರ ನಂಬ್ತೀನಿ ಕಣೇ. ನಿನ್ನ ರಾಣೀನ ನಂಬಕ್ಕಾಗ್ತಿಲ್ಲ. ಅವಳಿಗೆ ಎಲ್ಲಾ ನೆನಪಿದೆ. ಕಳ್ಳಸಾಕ್ಷಿಗೆ ಮಾತ್ರ ಎಲ್ಲಾ ನೆನಪಿರುತ್ತೆ. ನಿಜ ಕಂಡೋನು, ಕೊಲೆ ಎಷ್ಟು ಹೊತ್ತಿಗಾಯ್ತು ಅಂದ್ರೆ ತಲೆ ಕೆರ್ಕೊಂಡು, ಅವತ್ತು ಹೊಸ ಚಪ್ಪಲಿ ಕಚ್ಚಿತ್ತು ಸ್ವಾಮಿ, ಅಂತಾನೆ.”

ಸೊಸೆ ನ್ಯಾಯಕ್ಕಾಗಿ ಗಂಡನ ಮುಖ ನೋಡಿದಳು. ಗಂಡನದು ಕನ್ನಡಕದ ಅಂಗಡಿ. ದಿನವಿಡೀ ಜನರ ಕಣ್ಣಮುಂದೆ ಗಾಜು ಬದಲಿಸುತ್ತ, ಇದರಲ್ಲಿ ಸ್ಪಷ್ಟವೋ ಅದರಲ್ಲಿ ಸ್ಪಷ್ಟವೋ ಎಂದು ಕೇಳುವುದೇ ಅವನ ಕಸುಬು. ಮನೆಯಲ್ಲೂ ಅದೇ. ಅಮ್ಮ ಹೇಳುವುದರಲ್ಲಿ ಒಂದು ಅರ್ಥವಿದೆ, ನೀನು ಬರೆದಿರುವುದರಲ್ಲೂ ಒಂದು ಅರ್ಥವಿದೆ ಎಂದು ಹೇಳಿ ಅವನು ತಟ್ಟೆಯೊಳಗೆ ಮುಖವಿಟ್ಟ. ಆ ಧಾರಾವಾಹಿಯ ಒಂದು ಸಾಲನ್ನೂ ಅವನು ಓದಿರಲಿಲ್ಲವೆಂಬುದು ಬೇರೆ ಮಾತು.

ಇಷ್ಟೇ ಆಗಿದ್ದರೆ ಸೊಸೆ ನುಂಗಿಕೊಳ್ಳುತ್ತಿದ್ದಳು. ಆದರೆ ಒಂದು ಬೆಳಿಗ್ಗೆ ಸಂಪಾದಕರೂ ಫೋನ್ ಮಾಡಿದರು. ಅವರು ಫೋನ್ ಮಾಡುವಾಗ ಯಾವಾಗಲೂ ಏನಾದರೂ ಅಗಿಯುತ್ತಿರುತ್ತಾರೆ, ಅವತ್ತು ಅಗಿಯುತ್ತಿರಲಿಲ್ಲ. ಅದೇ ಅಪಶಕುನ. ಓದುಗರಿಗೆ ರಾಣಿ ಸಾಕಾಗಿದೆ, ಸಮ್ಮೋಹನ ಎಂಬುದು ಬಸ್ಸು ಹತ್ತಿದಷ್ಟು ಸಲೀಸಾಗಿದೆ, ಯಾರೂ ನಂಬುತ್ತಿಲ್ಲ. ನಂಬುವ ಹಾಗೆ ಬರೆಯಿರಿ, ಇಲ್ಲವಾದರೆ ರಾಣಿಗೆ ಮೋಕ್ಷ ಕೊಡಿ, ಆ ಪುಟಕ್ಕೆ ಪದಬಂಧ ಹಾಕುತ್ತೇನೆ ಎಂದರು. ಹತ್ತು ವರ್ಷ ಚುಟುಕ, ಹನಿಗತೆ ಎಂದು ಪುಟದ ಮೂಲೆಗಳಲ್ಲಿ ಬಾಡಿಗೆಗಿದ್ದು ಈಗಷ್ಟೇ ಇಡೀ ಪುಟವೊಂದರ ಒಡತಿಯಾಗಿದ್ದಳು ಸೊಸೆ. ಪದಬಂಧದ ಎದುರು ಸೋಲುವುದೆಂದರೆ ಅವಳಿಗೆ ಸಾವಿಗಿಂತ ಹೆಚ್ಚು. ಸಮ್ಮೋಹನವನ್ನು ಕಣ್ಣಾರೆ ಕಂಡೇ ಬರೆಯುತ್ತೇನೆ ಎಂದು ಆ ಕ್ಷಣವೇ ತೀರ್ಮಾನಿಸಿದಳು.

ಎರಡು ಬೀದಿ ಆಚೆ, ಇಸ್ತ್ರಿ ಅಂಗಡಿಯ ಮಹಡಿಯ ಮೇಲೆ ಒಬ್ಬ ಸಮ್ಮೋಹನ ತಜ್ಞರಿದ್ದರು. ಮೊದಲು ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದವರು; ಕಲಿಯುವವರ ಪಕ್ಕ ಕೂತು ಕೂತು ಹಲವು ಬಾರಿ ತಮ್ಮದೇ ಅಂತ್ಯಕಾಲ ಕಂಡ ಮೇಲೆ ಜನ್ಮಾಂತರದ ಕಡೆ ಒಲವು ಬಂತಂತೆ. ಸೊಸೆ ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡರು. ನೀವೇಕೆ ಎಂದರೆ, ನಾಳೆ ನೀನು ಕಂಡದ್ದು ಒಂದು ಬರೆದದ್ದು ಒಂದಾದರೆ ಹೇಳಲು ಒಬ್ಬರು ಬೇಡವೇ ಎಂದರು.

ಕೋಣೆಯಲ್ಲಿ ಒರಗುವ ಕುರ್ಚಿಯೊಂದಿತ್ತು. ಅದರ ಪೂರ್ವಜನ್ಮ ಕ್ಷೌರದಂಗಡಿಯಲ್ಲಿ ಕಳೆದಿತ್ತೆಂಬುದನ್ನು ತಿಳಿಯಲು ಸಮ್ಮೋಹನ ಬೇಕಿರಲಿಲ್ಲ. ಕೆಳಗಿನಿಂದ ಇಸ್ತ್ರಿಯ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ತಜ್ಞರು ಸೊಸೆಯನ್ನು ಕೂರಿಸಿ ಕಣ್ಣು ಮುಚ್ಚಿಸಿ, ಮೈ ಸಡಿಲ ಬಿಡಿ, ಕ್ಲಚ್ ಬಿಟ್ಟ ಹಾಗೆ ನಿಧಾನವಾಗಿ, ಈಗ ರಿವರ್ಸ್ ತೆಗೆದುಕೊಳ್ಳಿ, ಬಾಲ್ಯ ಬಂತು, ಅಲ್ಲಿ ನಿಲ್ಲಿಸಬೇಡಿ, ಇನ್ನೂ ಹಿಂದಕ್ಕೆ ಎಂದು ರಾಗವಾಗಿ ಹೇಳತೊಡಗಿದರು.

ಸೊಸೆ ಹಿಂದಕ್ಕೆ ಹೋಗಲು ಪ್ರಾಮಾಣಿಕವಾಗಿ ಯತ್ನಿಸಿದಳು. ಆದರೆ ಅವಳ ಮನಸ್ಸು ಅಂದು ಬೆಳಿಗ್ಗೆಯವರೆಗೆ ಹೋಗಿ, ಒಲೆ ಆರಿಸಿದೆನೋ ಇಲ್ಲವೋ ಎಂಬಲ್ಲಿ ಕಚ್ಚಿಕೊಂಡು ನಿಂತಿತು. ಮುಂದೂ ಹೋಗದು, ಹಿಂದೂ ಹೋಗದು. ಬಂದದ್ದು ವ್ಯರ್ಥವಾಗಬಾರದೆಂದು, ಅತ್ತೆಯ ಎದುರು ಮಾನವೂ ಉಳಿಯಲೆಂದು, ಅವಳು ಕಣ್ಣು ಮುಚ್ಚಿದಂತೆಯೇ ಧ್ವನಿ ಆಳಕ್ಕಿಳಿಸಿ ಅರಮನೆ ಕಟ್ಟತೊಡಗಿದಳು. ಕಂಬಗಳು, ದೀಪಗಳು, ಚಾಮರ ಬೀಸುವ ದಾಸಿಯರು, ಚಿನ್ನದ ಬಟ್ಟಲು. ತಜ್ಞರು ಭಲೇ ಭಲೇ ಎಂಬಂತೆ ತಲೆಯಾಡಿಸುತ್ತಿದ್ದರು.

ಮೂಲೆಯಿಂದ ಅತ್ತೆಯ ಧ್ವನಿ ಬಂತು: “ಅರಮನೇಲಿ ಬಚ್ಚಲು ಯಾವ ಕಡೆ ಇತ್ತು?”

ಮಹಾರಾಣಿ ತಡವರಿಸಿದಳು. ಇಷ್ಟು ಕಂತು ಬರೆದರೂ ರಾಣಿ ಒಮ್ಮೆಯೂ ಸ್ನಾನ ಮಾಡಿರಲಿಲ್ಲ. “ಉತ್ತರ... ದಿಕ್ಕಿಗೆ,” ಎಂದಳು.

“ಉತ್ತರ ಅಂತ ಗೊತ್ತಾಗಕ್ಕೆ ಸೂರ್ಯ ಎಲ್ಲಿದ್ದ?”

ಸೊಸೆ ಕಣ್ಣು ಬಿಟ್ಟಳು. ತಜ್ಞರು ಕೆಮ್ಮಿದರು. ಕೆಲವರ ಗಾಡಿ ಮೊದಲ ದಿನ ಹಾಗೆಯೇ, ನಿಂತುನಿಂತು ಹೋಗುತ್ತದೆ ಎಂದು ಸಮಾಧಾನ ಹೇಳಿ, ಹಿರಿಯರು ಬೇಕಾದರೆ ಒಮ್ಮೆ ಕೂತು ನೋಡಬಹುದು ಎಂದರು. ಅತ್ತೆ ಬೇಡವೆನ್ನುತ್ತಾರೆಂದು ಸೊಸೆ ಎಣಿಸಿದ್ದಳು. ಅತ್ತೆ ಎದ್ದು ಬಂದು, ಕುರ್ಚಿಯ ದಿಂಬನ್ನು ಮಗುಚಿ ಹಾಕಿ, ಒರಗಿ, ಕಣ್ಣು ಮುಚ್ಚಿದರು. ತಜ್ಞರು ಕ್ಲಚ್ಚಿನ ಮಾತು ಮುಗಿಸುವ ಮೊದಲೇ ಅವರ ಮುಖ ಬೇರೆಯಾಯಿತು.

ಏನು ಕಾಣುತ್ತಿದೆ ಎಂದು ಕೇಳಿದರು ತಜ್ಞರು. ಅಡುಗೆಮನೆ ಎಂದರು ಅತ್ತೆ. ಕತ್ತಲೆ ಅಡುಗೆಮನೆ, ಕಿಟಕಿ ಒಂದೇ, ತೆರೆದರೆ ಪಕ್ಕದ ಮನೆಯ ಗೋಡೆ. ಹಿಂಬಾಗಿಲ ಚಿಲಕ ಸಿಕ್ಕಿಕೊಳ್ಳುತ್ತದೆಂದು ಅದಕ್ಕೊಂದು ದಾರ ಕಟ್ಟಿದೆ. ಕಾಲು ಯಾವಾಗಲೂ ಒದ್ದೆ, ಹಿಮ್ಮಡಿ ಒಡೆದು ಉರಿಯುತ್ತದೆ. ಕೈಯಲ್ಲೊಂದು ದೊಡ್ಡ ಪಾತ್ರೆ. ಅದರ ಒಂದು ಹಿಡಿ ಮುರಿದು ತಂತಿ ಸುತ್ತಿದ್ದಾರೆ, ತಿಕ್ಕುವಾಗ ಚುಚ್ಚುತ್ತದೆ. ಹೆಸರು, ಊರು, ಕಾಲ ಕೇಳಿದರೆ ಗೊತ್ತಿಲ್ಲ ಎಂದರು. ಬಾಗಿಲ ಬಳಿ ಸ್ಟೂಲಿನ ಮೇಲೆ ತನ್ನ ಅತ್ತೆ ಕೂತಿದ್ದಾಳೆ ಎಂದರು.

“ಬೈತಾಳಾ?” ಎಂದರು ತಜ್ಞರು ಮೆಲ್ಲಗೆ.

“ಬೈದಿದ್ರೆ ಪರವಾಗಿರ್ಲಿಲ್ಲ. ಮಾತೇ ಇಲ್ಲ. ನಾನು ತೊಳೆದಿಟ್ಟ ಪಾತ್ರೆ ತಗೋತಾಳೆ, ಬೆಳಕಿಗೆ ಹಿಡಿದು ತಿರುಗಿಸಿ ನೋಡ್ತಾಳೆ, ಮತ್ತೆ ತಂದು ತೊಟ್ಟೀಲಿ ಇಡ್ತಾಳೆ.”

ತಜ್ಞರು ಗಡಗಡ ಎನ್ನುತ್ತಿದ್ದ ಫ್ಯಾನಿನ ವೇಗ ತಗ್ಗಿಸಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೊಸೆಯೂ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಒತ್ತಿಕೊಳ್ಳುತ್ತಲೇ ಅವಳು ಗುಟ್ಟಾಗಿ, ಇದು ಕಂತು ಎಂದರೆ ಕಂತು, ಅಂದುಕೊಂಡಳು. (ಲೇಖಕರ ಹೃದಯ ಎರಡು ಅಂತಸ್ತಿನದು.) ಆಮೇಲೆ ತಜ್ಞರು ಕೇಳಬಾರದ್ದನ್ನು ಕೇಳಿದರು: ಆ ಅತ್ತೆ ಈ ಜನ್ಮದಲ್ಲೂ ನಿಮ್ಮ ಸುತ್ತಮುತ್ತ ಇದ್ದಾಳೆಯೇ?

ಅತ್ತೆಯ ತೋರುಬೆರಳು ನಿಧಾನವಾಗಿ ಎದ್ದಿತು. ಗಾಳಿಯಲ್ಲಿ ಒಂದು ಸುತ್ತು ಹುಡುಕಿತು. ತಜ್ಞರು ತಮ್ಮ ಮೇಲೆ ಬರಬಾರದೆಂದು ಪಕ್ಕಕ್ಕೆ ಸರಿದರು. ಬೆರಳು ಬಂದು ಸೊಸೆಯ ಮುಂದೆ ನಿಂತಿತು.

ಅಂದಿನಿಂದ ಮನೆಯಲ್ಲಿ ಸೊಸೆಯ ಬಾಳು ನಾಯಿಪಾಡಾಯಿತು. ಮರುದಿನ ಅವಳು ಎದ್ದು ಬರುವಷ್ಟರಲ್ಲಿ ಅತ್ತೆ ಅಡುಗೆಮನೆಯ ಹೊಸ್ತಿಲಾಚೆ ಕೈಕಟ್ಟಿ ನಿಂತಿದ್ದರು.

“ಅತ್ತೆಯವರೇ, ಹಾಲು ಕಾಯಿಸ್ಲಾ? ನಿಮ್ಮನ್ನ ಕೇಳ್ದೆ ಮುಟ್ಟಿದ್ರೆ ಏನಂತೀರೋ ಅಂತ ಕಾಯ್ತಾ ಇದ್ದೆ.”

“ಅತ್ತೆ, ದಯವಿಟ್ಟು ಹಾಗೆಲ್ಲ ಕರೀಬೇಡಿ.”

“ಆಯ್ತು ಅತ್ತೆಯವರೇ.”

ಏಕವಚನದ ‘ಕಣೇ’ ಹೋಗಿ ಬಹುವಚನ ಬಂತು. ಮರ್ಯಾದೆ ಕೊಟ್ಟು ಕೊಲ್ಲುವುದೆಂದರೇನು ಎಂಬುದು ಸೊಸೆಗೆ ಆಗ ತಿಳಿಯಿತು. ಎಲ್ಲರ ಊಟವಾಗುವವರೆಗೆ ಅತ್ತೆ ತಟ್ಟೆ ಮುಟ್ಟುತ್ತಿರಲಿಲ್ಲ. ಸೊಸೆ ಸೌಟು ಎತ್ತಿದರೆ ತಲೆ ತಗ್ಗಿಸಿಕೊಳ್ಳುತ್ತಿದ್ದರು, ಅದೂ ಮೇಲಿನ ಮನೆಯ ಸಂಗೀತದ ಟೀಚರು ಬಂದಿದ್ದಾಗಲೇ. ಹೋದ ಜನ್ಮದ ಅಭ್ಯಾಸ, ಅಷ್ಟು ಬೇಗ ಹೋಗುತ್ತದೆಯೇ ಎಂದು ಆಕೆಗೆ ವಿವರಣೆ ಬೇರೆ. ಟೀಚರು ಅಂದಿನಿಂದ ಮೆಟ್ಟಿಲ ಮೇಲೆ ಸಿಕ್ಕರೆ ಸೊಸೆಯತ್ತ ನೋಡುವುದನ್ನೇ ಬಿಟ್ಟರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಇಲ್ಲಿ ಎರಡು ಕಾಲವೂ ಅತ್ತೆಯ ಪಾಲಿಗೇ ಬಂದಿತ್ತು. ಒಬ್ಬರ ಜನ್ಮ ಜಾಲಾಡುವುದೆಂಬ ಮಾತನ್ನು ಸೊಸೆ ಎಷ್ಟೋ ಸಲ ಕೇಳಿದ್ದಳು. ಈ ಜನ್ಮ ಬಿಟ್ಟು ಹಿಂದಿನದಕ್ಕೆ ಕೈ ಹಾಕಿ ಜಾಲಾಡುವವರನ್ನು ಕಂಡದ್ದು ಇದೇ ಮೊದಲು.

ಗಂಡನಿಗೆ ಒಂದೇ ಚಿಂತೆ. ಹಾಗಾದರೆ ಆ ಜನ್ಮದಲ್ಲಿ ತಾನು ಯಾರಾಗಿದ್ದೆ ಎಂದು ಅಮ್ಮನನ್ನು ಕೇಳಿದ.

“ನೀನಾ?” ಎಂದರು ಅತ್ತೆ. “ನೀನು ಮನೇಲಿರ್ಲಿಲ್ಲಪ್ಪ. ಅಂಗಡೀಲಿದ್ದೆ.”

ಸೊಸೆಗೆ ಉಳಿದ ಸುಖವೆಂದರೆ ಬರವಣಿಗೆ. ಅವಳು ರಾಣಿಗೆ ಒಂದೇ ಪ್ಯಾರಾದಲ್ಲಿ ವಿಷ ಕುಡಿಸಿ ಮುಗಿಸಿದಳು. ಬ್ಯಾಂಕಿನ ಗುಮಾಸ್ತೆಯನ್ನು ಇನ್ನೂ ಒಂದು ಜನ್ಮ ಹಿಂದಕ್ಕೆ ಓಡಿಸಿ, ಕತ್ತಲೆಯ ಅಡುಗೆಮನೆಯಲ್ಲಿ ಇಳಿಸಿ, ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಇಟ್ಟಳು. ಸಂಪಾದಕರ ಫೋನ್ ಬಂತು. ಈ ಸಲ ಬಾಯಿ ತುಂಬ ಅಗಿಯುತ್ತಿದ್ದರು. ಇದಲ್ಲವೇ ಪೂರ್ವಜನ್ಮವೆಂದರೆ, ಕಚೇರಿಯಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಮುದುಕರೂ ಅತ್ತರು, ಮುಂದುವರಿಸಿ ಎಂದರು. ಸೊಸೆ ಸಂಜೆ ಹೊತ್ತು ತರಕಾರಿ ಹೆಚ್ಚುವ ನೆಪದಲ್ಲಿ ಅತ್ತೆಯ ಬಳಿ ಕೂತು, ಆಮೇಲೆ ಆ ಅಡುಗೆಮನೆಯಲ್ಲಿ ಏನಾಯಿತು ಎಂದು ಕೆದಕುವಳು. ಅತ್ತೆಯವರು ಕೇಳಿದ ಮೇಲೆ ಹೇಳದೆ ಇರಲಾದೀತೇ ಎಂದು ಪೀಠಿಕೆ ಹಾಕಿ ಅವರು ಹೇಳುವರು. ಇನ್ನೆರಡು ಕಂತು ಹಾಗೆ ಬಂದವು.

ಓದುಗರು ನಂಬಿದರು. ನಂಬಿದ್ದೇ ಫಜೀತಿಯಾಯಿತು. ನಂಬಿದವರೆಲ್ಲ ಆ ಸೊಸೆಗಾಗಿ ಅತ್ತು, ಆ ಅತ್ತೆಗೆ ಶಾಪ ಹಾಕಿದರು. ಅವಳು ಮುಂದಿನ ಜನ್ಮದಲ್ಲಿ ಜಿರಳೆಯಾಗಿ ಹುಟ್ಟಬೇಕೆಂದು ಒಬ್ಬ ನಿವೃತ್ತ ಇಂಜಿನಿಯರು ಪತ್ರಿಕೆಗೆ ಬರೆದರು. ಸೊಸೆ ಅದನ್ನು ಓದಿ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಅಷ್ಟರಲ್ಲಿ ಅವಳ ಸ್ವಂತ ತಾಯಿ ಫೋನ್ ಮಾಡಿದರು. ಬೆರಳು ತೋರಿದ ಸುದ್ದಿ ಅವರಿಗೆ ಹೇಗೆ ಮುಟ್ಟಿತೆಂಬುದನ್ನು ಬೀಗಿತ್ತಿಯರ ನಡುವಿನ ತಂತಿಯೇ ಬಲ್ಲದು.

“ಆದದ್ದು ಆಗಿಹೋಯ್ತು. ಹೋದ ಜನ್ಮದ್ದು, ಬಿಡು,” ಎಂದರು ತಾಯಿ. “ಈ ಜನ್ಮದಲ್ಲಾದ್ರೂ ಅವರನ್ನ ಚೆನ್ನಾಗಿ ನೋಡ್ಕೊಳಮ್ಮ.”

“ಅಮ್ಮ, ನಾನೇನೂ ಮಾಡಿಲ್ಲ.”

“ಚಿಕ್ಕೋಳಿದ್ದಾಗ್ಲೂ ಹೀಗೇ ಹೇಳ್ತಿದ್ದೆ.”

ಇತ್ತ ಅಂಗಡಿಯಲ್ಲಿ ಗಂಡ, ಹತ್ತಿರದ ನೋಟ ಪರೀಕ್ಷಿಸಲು ಗಿರಾಕಿಗಳ ಕೈಗೆ ಅದೇ ವಾರಪತ್ರಿಕೆಯನ್ನು ಕೊಡುತ್ತಿದ್ದ. ಹೆಂಡತಿಯ ಸಾಹಿತ್ಯದಿಂದ ಅವನಿಗೆ ಅಷ್ಟು ಉಪಯೋಗವಿತ್ತು. ಒಬ್ಬ ವೃದ್ಧರು ಹೊಸ ಗಾಜಿನಲ್ಲಿ ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು: ಹಿಂಬಾಗಿಲ ಚಿಲಕಕ್ಕೆ ದಾರ ಕಟ್ಟಿತ್ತು. ಪಾತ್ರೆಯ ಒಂದು ಹಿಡಿಗೆ ತಂತಿ ಸುತ್ತಿತ್ತು. ಸ್ಪಷ್ಟವಾಗಿದೆಯಪ್ಪಾ ಎಂದರು ವೃದ್ಧರು. ಗಂಡನಿಗೂ ಸ್ಪಷ್ಟವಾಯಿತು. ಅವನು ಅಂಗಡಿಯ ಬಾಗಿಲೆಳೆದು ನೇರ ಮನೆಗೆ ಬಂದ. ಮದುವೆಯಾದಂದಿನಿಂದ ಅವನು ಇಷ್ಟು ಬೇಗ ಮನೆಗೆ ಬಂದದ್ದಿಲ್ಲ. ಯಾರಿಗೋ ಏನೋ ಆಯಿತೆಂದು ಸೊಸೆ ಹೆದರಿ ಎದ್ದಳು.

ಅವನು ಪತ್ರಿಕೆಯನ್ನು ಅಮ್ಮನ ಮಡಿಲಲ್ಲಿಟ್ಟು ಕೇಳಿದ: “ಅಮ್ಮ, ಇದು ಅಪ್ಪನ ಕಡೆ ಅಜ್ಜಿ ಮನೆ ಅಡುಗೆಮನೆ ಅಲ್ವಾ? ಆ ದಾರ ಎಳೆದು ಎಳೆದು ನಾನು ಏಟು ತಿಂದಿದೀನಿ.”

ಅತ್ತೆ ಪತ್ರಿಕೆಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. “ಹೌದು,” ಎಂದರು.

ಸೊಸೆ ಅತ್ತೆಯ ಎದುರಿಗೆ ಬಂದು ಕೂತಳು. “ಅಂದ್ರೆ ನೀವು ಸಮ್ಮೋಹನಕ್ಕೆ ಹೋಗಿರ್ಲೇ ಇಲ್ವಾ?”

“ಹೋದೆನೋ ಇಲ್ವೋ ನಂಗೂ ಗೊತ್ತಿಲ್ಲಮ್ಮ. ಕಣ್ಣು ಮುಚ್ಚಿ ಹಿಂದಕ್ಕೆ ಹೋಗಿ ಅಂದ್ರು, ಹೋದೆ. ಬೇರೆ ಜನ್ಮ ಸಿಗೋವರೆಗೂ ಹೋಗಿ ಅಂದ್ರು. ಅದು ಸಿಕ್ತು, ಅಲ್ಲೇ ನಿಂತೆ. ಕೋರ್ಟಲ್ಲಿ ಕೆಲಸ ಸಿಕ್ಕಿ ಆ ಮನೆ ಬಿಡೋವರೆಗೂ ಹಾಗೇ ಇದ್ದೆ. ನಂಗೆ ಅದು ಬೇರೆ ಜನ್ಮ ಅಲ್ದೆ ಇನ್ನೇನು?”

ಗಂಡ ನೆಲ ನೋಡುತ್ತ ನಿಂತ. ಅವನಿಗೆ ಅಜ್ಜಿಯೆಂದರೆ ಜೇಬಿಗೆ ಮಿಠಾಯಿ ತುರುಕುತ್ತಿದ್ದವಳು. ಸೊಸೆಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು, ಮತ್ತು ವಾರಗಟ್ಟಲೆ ಪಟ್ಟ ಪಾಡೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. “ಹಾಗಾದ್ರೆ ಬೆರಳು ನನ್ನ ಕಡೆ ಯಾಕೆ ತೋರ್ಸಿದ್ರಿ?”

“ಅವರು ಕೇಳ್ದಾಗ ಒಂದು ಕಣ್ಣು ಬಿಟ್ಟು ನೋಡ್ದೆ. ಅಲ್ಲಿದ್ದದ್ದು ಆ ಡ್ರೈವರು, ಒಂದು ಫ್ಯಾನು, ನೀನು,” ಎಂದರು ಅತ್ತೆ. ಸೊಸೆ ನಗಬೇಕೋ ಅಳಬೇಕೋ ಎಂದುಕೊಳ್ಳುವಷ್ಟರಲ್ಲಿ ಅವರು ಧ್ವನಿ ತಗ್ಗಿಸಿ ಸೇರಿಸಿದರು: “ಅವತ್ತು ಬೆಳಿಗ್ಗೆ ನಾನು ತೊಳೆದಿಟ್ಟ ಲೋಟ ನೀನು ಮತ್ತೆ ತೊಳೆದೆ. ಒಂದು ಮಾತೂ ಆಡದೇನೇ.”

ಸೊಸೆಗೆ ನೆನಪಿತ್ತು. ಲೋಟದ ಅಂಚಿಗೆ ಹಾಲಿನ ಕೆನೆ ಅಂಟಿತ್ತು. ಅತ್ತೆ ಬೆನ್ನು ತಿರುಗಿಸಿದ್ದಾರೆಂದು ಅವಳು ಸದ್ದಾಗದಂತೆ ನಲ್ಲಿ ಸಣ್ಣಗೆ ಬಿಟ್ಟು ತೊಳೆದಿದ್ದಳು. ಅತ್ತೆಯ ಕಣ್ಣು ಮಂಜಾಗುತ್ತಿದೆ ಎಂದು ಗಂಡನಿಗೆ ಹೇಳಬೇಕೆಂದುಕೊಂಡು ಮರೆತಿದ್ದಳು. ಏನಾದರೂ ಹೇಳಬೇಕೆನಿಸಿತು. ಆದರೆ ಆ ಮನೆಯಲ್ಲಿ ತಪ್ಪಾಯಿತು ಎನ್ನುವ ರೂಢಿ ಯಾರಿಗೂ ಇರಲಿಲ್ಲ. ಹಾಗಾಗಿ ಕಾಫಿ ಮಾಡಲೇ ಎಂದು ಕೇಳಿದಳು.

“ಮಾಡು. ಸಕ್ಕರೆ ಕಡಿಮೆ ಹಾಕೇ.”

ಆ ಏಕವಚನ ಕಿವಿಗೆ ಬಿದ್ದದ್ದೇ ಸೊಸೆಗೆ ಹೋದ ಜೀವ ಬಂದಂತಾಯಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಾರಕ್ಕೊಂದು ಕಂತು ಕೇಳುವ ಪತ್ರಿಕೆಗೆ ಮನೆಯ ಶಾಂತಿ ಏನು ಗೊತ್ತು. ಅತ್ತೆಯ ನೋವನ್ನು ಇನ್ನು ಕೆದಕಬಾರದೆಂದು ನಿಶ್ಚಯಿಸಿ, ಸೊಸೆ ಮುಂದಿನ ಕಂತನ್ನು ಸ್ವಂತ ಬುದ್ಧಿಯಿಂದಲೇ ಬರೆದಳು. ಅದರಲ್ಲಿ ಸ್ಟೂಲಿನ ಅತ್ತೆ ಒಂದು ಬೆಳಗಿನ ಜಾವ ಪಶ್ಚಾತ್ತಾಪದಿಂದ ಬೆಂದು, ಸೊಸೆಯ ಒಡೆದ ಹಿಮ್ಮಡಿಗಳನ್ನು ಕಣ್ಣೀರಿನಿಂದ ತೊಳೆದಳು. ಬರೆಯುವಾಗ ಲೇಖಕಿಯೂ ಅತ್ತಳು. ಅತ್ತೆ ಓದಿದರು, ಹಿಮ್ಮಡಿಗೆ ಉಪ್ಪುನೀರು ಬಿದ್ದರೆ ಉರಿಯುತ್ತದೆ ಎಂದಷ್ಟೇ ಹೇಳಿದರು.

ಸಂಪಾದಕರು ಅಷ್ಟನ್ನೂ ಹೇಳಲಿಲ್ಲ. ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನೇ ಎಂದಳು ಸೊಸೆ. ಹಾಗಾದರೆ ಹಿಂದಿನವನ್ನು ಬರೆದವರು ಯಾರು ಎಂದರು. ಸೊಸೆಗೆ ಕಥೆಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಲು ಬರುತ್ತದೆ, ಫೋನಿನಲ್ಲಿ ಬರುವುದಿಲ್ಲ. ಅದು ಅತ್ತೆ ಹೇಳಿದ್ದು, ನಾನು ಬರೆದುಕೊಂಡದ್ದು ಎಂದುಬಿಟ್ಟಳು. ಅವರಿಗೆ ಕೊಡಿ ಎಂದರು ಸಂಪಾದಕರು.

ಅತ್ತೆ ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಗಾಜಿನಾಚೆ ಅವರು ತಲೆಯಾಡಿಸುವುದು, ಒಮ್ಮೆ ನಗುವುದು, ಬೆರಳು ಮಡಿಸಿ ಏನೋ ಲೆಕ್ಕ ಹೇಳುವುದು ಕಾಣುತ್ತಿತ್ತು. ಒಲೆಯ ಮೇಲಿನದು ಸೀಯುವ ವಾಸನೆ ಬಂದರೂ ಸೊಸೆ ಕದಲಲಿಲ್ಲ.

ಎರಡು ವಾರ ಬಿಟ್ಟು ಹೊಸ ಧಾರಾವಾಹಿ ಶುರುವಾಯಿತು. ಪೂರ್ವಜನ್ಮವಿಲ್ಲ, ಸಮ್ಮೋಹನವಿಲ್ಲ, ಬ್ಯಾಂಕಿನ ಗುಮಾಸ್ತೆಯಂತೂ ಮೊದಲೇ ಇಲ್ಲ. ದಿನಾ ಮಧ್ಯಾಹ್ನ ಅತ್ತೆ ಕಿಟಕಿಯ ಬಳಿ ಕೂತು ಹೇಳುವುದು, ಸೊಸೆ ಮೇಜಿನ ಬಳಿ ಕೂತು ಬರೆಯುವುದು. ನಡುವೆ ಸೊಸೆ ಒಂದು ಉಪಮೆ ಸೇರಿಸಿದರೆ, ಸಾಕ್ಷಿ ಹೇಳದ್ದನ್ನು ಟೈಪ್ ಮಾಡಬಾರದು ಎಂದು ಅತ್ತೆ ಅದನ್ನು ಹೊಡೆಸುವರು. ಸೊಸೆ ಹಲ್ಲು ಕಚ್ಚಿಕೊಂಡು ಹೊಡೆಯುವಳು. ಹೊಡೆದ ಮೇಲೆ ಸಾಲು ಚೆನ್ನಾಗಿರುತ್ತಿತ್ತು, ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ಮೊದಲ ಕಂತಿನ ಪತ್ರಿಕೆ ಬಂದ ದಿನ ಮೂವರೂ ಮೇಜಿನ ಸುತ್ತ ನಿಂತರು. ಇಡೀ ಪುಟ. ತಲೆಯ ಮೇಲೆ ಅತ್ತೆಯ ಭಾವಚಿತ್ರ, ಅದರ ಕೆಳಗೆ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ಅತ್ತೆಯ ಹೆಸರು. ಸೊಸೆ ತನ್ನ ಹೆಸರಿಗಾಗಿ ಮೇಲಿನಿಂದ ಕೆಳಗೆ ಹುಡುಕಿದಳು. ಕೊನೆಗೆ, ಪುಟದ ಅಡಿಯಲ್ಲಿ, ಮುದ್ರಕರ ವಿಳಾಸಕ್ಕಿಂತ ಒಂದು ಸಾಲು ಮೇಲೆ, ಇರುವೆ ಸಾಲಿನಂತೆ ಕಂಡಿತು: ‘ಬರೆದುಕೊಂಡವರು: ಸೊಸೆ’.

ಅವಳು ಆ ಸಾಲಿನ ಮೇಲೆ ಬೆರಳಿಟ್ಟದ್ದನ್ನು ಕಂಡು ಅತ್ತೆ ಅವಳ ಭುಜದ ಮೇಲೆ ಕೈಯಿಟ್ಟರು.

“ನಿಂದೂ ಹಾಕ್ಸಿದೀನಿ ಕಣೇ,” ಎಂದರು. “ಆ ಸಂಪಾದಕ ಬೇಡ ಅಂತಿದ್ದ.”